ಒಂದು ಕ್ರೆಡಿಟ್ಟಿನ ಮೂವತ್ತು ಗಂಟೆ

ಕಲಘಟಗಿ ತಾಲೂಕಿನ ದುಮ್ಮವಾಡದಿಂದ ದಿನಂಪ್ರತಿ ಬಸ್ಸು ಹಿಡಿದು ಧಾರವಾಡಕ್ಕೋ ಹುಬ್ಬಳ್ಳಿಗೋ ಹೋಗಿ ಪದವಿ ಓದುತ್ತಿರುವ ಹುಡುಗ ಹುಡುಗಿಯರ ಅಂಕಪಟ್ಟಿಯಲ್ಲಿ ಈಗ ವಿಷಯದ ಹೆಸರಿನ ಜೊತೆಗೆ ‘ಕ್ರೆಡಿಟ್’ ಎಂಬ ಅಂಕಣವೊಂದು ಇರುತ್ತದೆ. 2, 3, 4 ಎಂದು ಅಲ್ಲಿ ಅಚ್ಚಾಗಿರುವ ಸಣ್ಣ ಸಂಖ್ಯೆಗಳು ಹೇಳುವುದು ಕಾಲದ ಲೆಕ್ಕವನ್ನು. ಆ ವಿಷಯದ ಅಭ್ಯಾಸಕ್ಕಾಗಿ ವಿದ್ಯಾರ್ಥಿಯು ತನ್ನ ಆಯುಷ್ಯದ ಎಷ್ಟು ಗಂಟೆಗಳನ್ನು ವಿನಿಯೋಗಿಸಿರಬೇಕೆಂದು ವಿಶ್ವವಿದ್ಯಾಲಯವು ಭಾವಿಸಿದೆಯೆಂಬುದನ್ನು.

ಈ ಗಣನೆಯ ಮೂಲವನ್ನು ಅರಸುತ್ತ ಹೋದವನಿಗೆ ಮೊದಲು ಎದುರಾಗುವುದು ಅಧ್ಯಾಪಕರ ನಿವೃತ್ತಿವೇತನ. ಉಕ್ಕಿನ ಉದ್ಯಮದಲ್ಲಿ ಅಪಾರ ಧನವನ್ನು ಗಳಿಸಿದ್ದ ಆಂಡ್ರ್ಯೂ ಕಾರ್ನೆಗಿಯವರು 1905ರಲ್ಲಿ ಅಮೆರಿಕದ ಕಾಲೇಜು ಅಧ್ಯಾಪಕರ ವೃದ್ಧಾಪ್ಯಕ್ಕೆ ಆಸರೆಯಾಗಲೆಂದು ಒಂದು ಕೋಟಿ ಡಾಲರುಗಳ ನಿಧಿಯನ್ನು ತೆಗೆದಿರಿಸಿದಾಗ, ಆ ನಿಧಿಯ ಪಾಲಕರಿಗೆ ಒದಗಿದ ಮೊದಲ ಸಂಕಟವೆಂದರೆ ಕಾಲೇಜು ಎಂದು ಯಾವುದನ್ನು ಕರೆಯಬೇಕೆಂಬುದು. ಏಕೆಂದರೆ ಆ ದೇಶದಲ್ಲಿ ಪ್ರೌಢಶಾಲೆಗೂ ಕಾಲೇಜಿಗೂ ನಡುವಿನ ಗಡಿ ಅಂದು ಎಲ್ಲೆಡೆಯೂ ಒಂದೇ ಆಗಿರಲಿಲ್ಲ. ಆದುದರಿಂದ ಅವರು, ಪ್ರೌಢಶಾಲೆಯಲ್ಲಿ ಒಂದು ವಿಷಯವನ್ನು ವರ್ಷಕ್ಕೆ 120 ಗಂಟೆ ಕಲಿತರೆ ಒಂದು ಮಾನವೆಂದು ನಿಶ್ಚಯಿಸಿ, ಅಂಥ 14 ಮಾನಗಳನ್ನು ಪೂರೈಸಿದವರನ್ನೇ ಸೇರಿಸಿಕೊಳ್ಳುವ ಸಂಸ್ಥೆಯನ್ನು ಕಾಲೇಜೆಂದು ಮನ್ನಿಸತೊಡಗಿದರು. ನಿವೃತ್ತಿವೇತನದ ಆಸೆಯಿಂದ ಕಾಲೇಜುಗಳು ಆ ಮಾನವನ್ನು ಅಂಗೀಕರಿಸಿದವು. 1910ರಲ್ಲಿ ಮಾರಿಸ್ ಕುಕ್ ಎಂಬ ಎಂಜಿನಿಯರರು ಕಾರ್ಖಾನೆಯ ದಕ್ಷತೆಯ ಶಾಸ್ತ್ರವನ್ನು ವಿಶ್ವವಿದ್ಯಾಲಯಕ್ಕೂ ಅನ್ವಯಿಸಿ, ‘ವಿದ್ಯಾರ್ಥಿ–ಗಂಟೆ’ ಎಂಬ ಏಕಮಾನದಿಂದ ಅಧ್ಯಾಪನದ ವೆಚ್ಚವನ್ನು ಎಣಿಸಬಹುದೆಂದು ಕಾರ್ನೆಗಿ ಪ್ರತಿಷ್ಠಾನಕ್ಕೆ ವರದಿಯಿತ್ತರು. ತರಗತಿಯ ಒಂದು ಗಂಟೆಗೆ ಹೊರಗಿನ ಎರಡು ಗಂಟೆಗಳ ಸ್ವಂತ ಓದು ಸಲ್ಲಬೇಕೆಂಬ ವಾಡಿಕೆಯೂ ಅಲ್ಲಿ ಕ್ರಮೇಣ ನೆಲೆಗೊಂಡಿತು.

ನಮ್ಮ ಕಡೆಗೆ ಈ ಪದ್ಧತಿ ಬಂದುದು ಕೃಷಿಯ ಮಾರ್ಗದಿಂದ. ಧಾರವಾಡದ ಕರ್ನಾಟಕ ಕಾಲೇಜು ಮೊದಲಾದೆಡೆಗಳಲ್ಲಿ ವರ್ಷಾಂತ್ಯದ ಪರೀಕ್ಷೆಯೊಂದೇ ಸರ್ವಸ್ವವಾಗಿದ್ದ ಕಾಲದಲ್ಲಿ, ಅಮೆರಿಕದ ವಿಶ್ವವಿದ್ಯಾಲಯಗಳ ಮಾದರಿಯಲ್ಲಿ 1964ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ಕೃಷಿ ವಿಶ್ವವಿದ್ಯಾಲಯವು ಕ್ರೆಡಿಟ್ಟಿನ ಕ್ರಮವನ್ನು ಕೈಗೊಂಡಿತು; 1947ರಲ್ಲಿಯೇ ಆರಂಭವಾಗಿದ್ದ ಧಾರವಾಡದ ಕೃಷಿ ಕಾಲೇಜು ಅದರ ಅಂಗವಾಗಿದ್ದು, 1986ರಲ್ಲಿ ತಾನೇ ವಿಶ್ವವಿದ್ಯಾಲಯದ ಕೇಂದ್ರವಾಯಿತು. ಅಲ್ಲಿಯ ಪಠ್ಯಕ್ರಮದ ಹಾಳೆಯಲ್ಲಿ ಪ್ರತಿ ವಿಷಯದ ಮುಂದೆ ‘2+1’ ಎಂಬಂಥ ಅಂಕೆಗಳನ್ನು ಇಂದಿಗೂ ಕಾಣಬಹುದು. ಎರಡು ಪಾಠಕ್ಕೆ, ಒಂದು ಪ್ರಾಯೋಗಿಕಕ್ಕೆ. ಹೊಲದಲ್ಲಿ ನಿಂತು ಕಲಿತದ್ದಕ್ಕೂ ಬೆಲೆಯುಂಟೆಂಬ ಒಪ್ಪಿಗೆ ಆ ಕೂಡಿಸುವ ಚಿಹ್ನೆಯಲ್ಲಿದೆ.

ಬಿ.ಎ., ಬಿ.ಕಾಂ. ವಿದ್ಯಾರ್ಥಿಗಳಿಗೆ ಇದು ವ್ಯಾಪಕವಾಗಿ ತಟ್ಟಿದ್ದು ಬಹಳ ತಡವಾಗಿ. ವಿಶ್ವವಿದ್ಯಾಲಯ ಅನುದಾನ ಆಯೋಗವು 2015ರಲ್ಲಿ ಆಯ್ಕೆಯಾಧಾರಿತ ಕ್ರೆಡಿಟ್ ಪದ್ಧತಿಯನ್ನು ಒತ್ತಾಯಿಸಿತು. 2021ರಲ್ಲಿ ನಮ್ಮ ರಾಜ್ಯದ ಪದವಿ ತರಗತಿಗಳಿಗೆ ರಾಷ್ಟ್ರೀಯ ಶಿಕ್ಷಣ ನೀತಿ ಬಂದಿತು. 2024ರಲ್ಲಿ ಆ ನೀತಿಯ ನಾಲ್ಕು ವರ್ಷದ ಪದವಿಯನ್ನು ಕೈಬಿಟ್ಟು ಮೂರಕ್ಕೆ ಮರಳಿದರೂ ಕ್ರೆಡಿಟ್ಟು ಉಳಿಯಿತು. 2023ರ ರಾಷ್ಟ್ರೀಯ ಕ್ರೆಡಿಟ್ ಚೌಕಟ್ಟಿನ ಪ್ರಕಾರ ವರ್ಷಕ್ಕೆ 1,200 ಗಂಟೆಗಳ ಕಲಿಕೆಗೆ 40 ಕ್ರೆಡಿಟ್, ಅರ್ಥಾತ್ ಒಂದಕ್ಕೆ 30 ಗಂಟೆ. ಒಂದು ಸೆಮಿಸ್ಟರಿನ 20 ಕ್ರೆಡಿಟ್ಟಿಗೆ 600 ಗಂಟೆಯಾಯಿತು. ಅದನ್ನು 15 ವಾರಗಳಿಗೆ ಹಂಚಿದರೆ ವಾರಕ್ಕೆ 40 ಗಂಟೆ. ತರಗತಿಯಲ್ಲಿ 20 ಗಂಟೆ ಕುಳಿತೆದ್ದ ಮೇಲೂ, ಆರು ದಿನಗಳ ಲೆಕ್ಕದಲ್ಲಿ, ನಿತ್ಯ ಮೂರು ಗಂಟೆಗೂ ಮಿಕ್ಕಿದ ಸ್ವಂತ ಓದು ಬಾಕಿ ಉಳಿಯುತ್ತದೆ.

ಆ ಮೂರು ಗಂಟೆ ದುಮ್ಮವಾಡದಲ್ಲಿ ಎಲ್ಲಿಂದ ಬರಬೇಕು? ಮುಂಗಾರಿನ ದಿನಗಳಲ್ಲಿ ಕೂರಿಗೆಯಿಂದ ಬಿತ್ತಿದ ಭತ್ತದಲ್ಲಿ ಕಳೆ ಎದ್ದಾಗ, ಗೋವಿನಜೋಳಕ್ಕೆ ಎಡೆ ಹೊಡೆಯುವ ಹೊತ್ತು ಬಂದಾಗ, ಮನೆಯಲ್ಲಿ ಆಳಿಲ್ಲದ ತಾಯಿ ಮಗಳನ್ನು ಹೊಲಕ್ಕೆ ಕರೆಯದೆ ಇರಲಾರಳು. 2023ರ ಜೂನಿನಿಂದ ಸರಕಾರಿ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ಟಿನ ಖರ್ಚು ತಪ್ಪಿದೆ, ಅದು ದೊಡ್ಡ ಉಪಕಾರ. ಆದರೆ ದಾರಿಯಲ್ಲಿ ಕಳೆಯುವ ಕಾಲ ತಪ್ಪಿಲ್ಲ. ನನ್ನ ಮನಸ್ಸನ್ನು ಅತ್ಯಂತ ನೋಯಿಸುವ ಸಂಗತಿಯೆಂದರೆ ಇದು: ಕೃಷಿ ಪದವಿಯ ಕೊನೆಯ ವರ್ಷದ ವಿದ್ಯಾರ್ಥಿಯು ಗ್ರಾಮೀಣ ಕೃಷಿ ಕಾರ್ಯಾನುಭವಕ್ಕೆಂದು ಹಳ್ಳಿಯಲ್ಲಿ ಉಳಿದು ರೈತನೊಡನೆ ಹೊಲದಲ್ಲಿ ದುಡಿದರೆ ಆ ದುಡಿಮೆಗೆ ಕ್ರೆಡಿಟ್ಟು ದೊರೆಯುತ್ತದೆ, ಅದು ಯುಕ್ತವೇ ಸರಿ, ಆದರೆ ಅದೇ ಹಳ್ಳಿಯಲ್ಲಿ ಹುಟ್ಟಿ, ಅದೇ ಸಾಲಿನಲ್ಲಿ ಬಾಲ್ಯದಿಂದ ಕಳೆ ಕಿತ್ತು, ಅರ್ಥಶಾಸ್ತ್ರವನ್ನೋ ಸಮಾಜಶಾಸ್ತ್ರವನ್ನೋ ಓದುತ್ತಿರುವ ರೈತನ ಮಗಳ ದುಡಿಮೆ ಅವಳ ಓದಿಗೆ ಬಂದ ಅಡಚಣೆಯೆಂದು ಮಾತ್ರ ಎಣಿಸಲ್ಪಡುತ್ತದೆ. ಕಾಳಿನ ಧಾರಣೆ ಬಿದ್ದುದರ ಪರಿಣಾಮವನ್ನು ಮನೆಯ ಅಡುಗೆಯಲ್ಲಿಯೇ ಕಂಡವಳಿಗಿಂತ ಅರ್ಥಶಾಸ್ತ್ರದ ಪ್ರಾಯೋಗಿಕವನ್ನು ಚೆನ್ನಾಗಿ ಮಾಡಬಲ್ಲವರು ಯಾರು?

ಅನುಭವದಿಂದ ಬಂದ ಕಲಿಕೆಗೂ ಕ್ರೆಡಿಟ್ ಕೊಡಲು 2023ರ ಚೌಕಟ್ಟು ಆಸ್ಪದವಿತ್ತಿದೆ. ಸ್ವಂತ ಹೊಲದ ಖರ್ಚು–ಉತ್ಪನ್ನದ ಲೆಕ್ಕವನ್ನು ಒಂದು ಹಂಗಾಮಿನುದ್ದಕ್ಕೂ ಬರೆದಿಟ್ಟು ತಂದ ವಿದ್ಯಾರ್ಥಿಯ ಪುಸ್ತಕವನ್ನು ಅಧ್ಯಾಪಕರು ತಿದ್ದಿ, ಚರ್ಚಿಸಿ, ಮೌಲ್ಯಮಾಪನ ಮಾಡುವ ಏರ್ಪಾಡನ್ನು ನಮ್ಮ ಕಾಲೇಜುಗಳು ಈ ವರ್ಷವೇ ತೊಡಗಬಹುದು. ಅದರೊಡನೆ, ಹಳ್ಳಿಯ ಕಡೆಯ ಬಸ್ಸು ಹೊರಡುವುದಕ್ಕೆ ಮುಂಚಿನ ಎರಡು ಗಂಟೆಗಳನ್ನು ವೇಳಾಪಟ್ಟಿಯಲ್ಲಿಯೇ ಗ್ರಂಥಾಲಯಕ್ಕೆ ಮೀಸಲಿಟ್ಟು, ಆ ಹೊತ್ತಿನಲ್ಲಿ ಗ್ರಂಥಪಾಲಕರೊಡನೆ ಒಬ್ಬ ಅಧ್ಯಾಪಕರೂ ಅಲ್ಲಿ ಕುಳಿತಿರಬೇಕು.