ಹಿಮದ ಮೇಲೆ ಜೋಡಿ ಹೆಜ್ಜೆ

ಕೆರೆಯ ನೀರು ಹೆಪ್ಪುಗಟ್ಟಿ ಕಲ್ಲಿನಂತಾಗುವುದನ್ನು ನಮ್ಮಲ್ಲಿ ಬಹುಮಂದಿ ಕಂಡವರಲ್ಲ. ಚಳಿನಾಡುಗಳಲ್ಲಿ ಅಂತಹ ಮಂಜುಗಡ್ಡೆಯೇ ಮಕ್ಕಳ ಆಟದ ಬಯಲು. ಅಲ್ಲಿ ಬೆಳೆದ ಕಲೆ ಸ್ಕೇಟಿಂಗ್. ಬೂಟಿನ ಅಡಿಗೆ ಉಕ್ಕಿನ ಅಲಗನ್ನು ಬಿಗಿದು, ಅದರ ಅಂಚಿನ ಮೇಲೆ ಮೈಯ ಭಾರವನ್ನು ತೂಗಿಕೊಂಡು ಜಾರಬೇಕು.

ಒಬ್ಬರೇ ಜಾರುವಾಗ ತಮ್ಮ ತೂಕವನ್ನು ಕಾಪಾಡಿಕೊಂಡರೆ ಸಾಕು. ಜೋಡಿಯಾಗಿ ಜಾರುವಾಗಲಾದರೋ, ಪುರುಷನು ಓಡುತ್ತಿರುವಂತೆಯೇ ಸ್ತ್ರೀಯನ್ನು ತಲೆಯ ಮೇಲೆ ಎತ್ತಿ ಹಿಡಿಯಬೇಕು. ಇನ್ನೊಂದು ಗಳಿಗೆಯಲ್ಲಿ ಆತ ನಡುವೆ ನಿಂತು, ಆಕೆಯ ಒಂದು ಕೈಯನ್ನು ಮಾತ್ರ ಹಿಡಿದು ಸುತ್ತಿಸುವಾಗ, ಆಕೆಯ ತಲೆ ನೆಲವನ್ನು ಸೋಕುವಷ್ಟು ಹತ್ತಿರ ಬರುತ್ತದೆ. ಒಬ್ಬರ ಲೆಕ್ಕ ಕೂದಲೆಳೆಯಷ್ಟು ತಪ್ಪಿದರೂ ಪೆಟ್ಟು ಇನ್ನೊಬ್ಬರಿಗೆ. ಹಾಗಾದರೆ, ವರ್ಷಗಟ್ಟಲೆ ಜೊತೆಯಲ್ಲಿ ಕಲಿತವರಲ್ಲಿ ಒಬ್ಬರು ಬಿಟ್ಟು ಹೋದರೆ ಉಳಿದವರ ಗತಿಯೇನು?

ಈ ಪ್ರಶ್ನೆಗೆ ಇರೀನಾ ರೋಡ್ನಿನಾಳ ಬಾಳಿನಲ್ಲಿ ಉತ್ತರವಿದೆ. 1949ರಲ್ಲಿ ಮಾಸ್ಕೋದಲ್ಲಿ ಹುಟ್ಟಿದ ಈ ಹುಡುಗಿಯನ್ನು ನ್ಯುಮೋನಿಯಾ ಮತ್ತೆ ಮತ್ತೆ ಕಾಡಿತು. ಮೈ ಗಟ್ಟಿಯಾಗಲೆಂದೇ ತಾಯಿತಂದೆಯರು ಆಕೆಯನ್ನು ಹಿಮದ ಮೇಲೆ ಬಿಟ್ಟರು. ಸ್ತನಿಸ್ಲಾವ್ ಝೂಕ್ ಎಂಬ ಗುರುವಿನ ಕೈಕೆಳಗೆ ಅಲೆಕ್ಸೀ ಉಲಾನೋವ್ ಆಕೆಯ ಜೊತೆಗಾರನಾದನು. ಅದುವರೆಗೆ ಮೆರೆದಿದ್ದ ಬೆಲೊಉಸೊವಾ–ಪ್ರೊತೊಪೊಪೊವ್ ದಂಪತಿಗಳದು ನಿಧಾನವಾದ, ಭಾವಪೂರ್ಣವಾದ ಶೈಲಿ. ಹೊಸಬರು ವೇಗವನ್ನು ತಂದರು. 1969ರಲ್ಲಿ ವಿಶ್ವ ಪ್ರಶಸ್ತಿ ಇವರ ಪಾಲಾಯಿತು. 1972ರಲ್ಲಿ ಸಪೋರೋ ಒಲಿಂಪಿಕ್ ಚಿನ್ನವೂ ಬಂದಿತು.

ಅಷ್ಟರಲ್ಲಿ ಉಲಾನೋವ್, ಎದುರಾಳಿ ಜೋಡಿಯ ಲ್ಯುದ್ಮಿಲಾ ಸ್ಮಿರ್ನೋವಾಳೊಡನೆ ಆಡಲು ನಿರ್ಧರಿಸಿದ್ದನು. ಅದೇ ವರ್ಷ ಕ್ಯಾಲ್ಗರಿಯ ವಿಶ್ವ ಸ್ಪರ್ಧೆಗೆ ಮುನ್ನ, ಅಭ್ಯಾಸದಲ್ಲಿ ಎತ್ತಿ ಹಿಡಿದಾಗ ರೋಡ್ನಿನಾ ಕೆಳಕ್ಕೆ ಬಿದ್ದಳು. ತಲೆಗೆ ಪೆಟ್ಟಾಗಿ ಆಸ್ಪತ್ರೆ ಸೇರಿದಳು. ಆದರೂ ಸ್ಪರ್ಧೆಗೆ ಇಳಿದು ಗೆದ್ದಳು. ಆದರೆ ಜೋಡಿ ಅಲ್ಲಿಗೇ ಮುರಿಯಿತು.

ಝೂಕ್ ಲೆನಿನ್‌ಗ್ರಾಡಿನ ಅಲೆಕ್ಸಾಂಡರ್ ಝೈತ್ಸೇವ್ ಎಂಬ ಹೆಸರಿಲ್ಲದ ತರುಣನನ್ನು ಕರೆತಂದನು. ವಿಶ್ವವಿಜೇತೆ ಮೊದಲಿಂದ ಕಲಿಯಬೇಕಾಯಿತು. ಹೊಸ ಕೈಯ ಬಲ, ಹೊಸ ಹೆಜ್ಜೆಯ ಅಳತೆ, ಎತ್ತುವ ಮುನ್ನ ಆತ ಉಸಿರೆಳೆಯುವ ರೀತಿ, ಎಲ್ಲವೂ ಬೇರೆ. ಒಂದು ವರ್ಷವೂ ತುಂಬುವ ಮುನ್ನ, 1973ರಲ್ಲಿ, ಬ್ರಾತಿಸ್ಲಾವದಲ್ಲಿ ಅವರಿಗೆ ವಿಚಿತ್ರವಾದ ಪರೀಕ್ಷೆ ಎದುರಾಯಿತು. ಆಟದ ನಡುವೆ ಸಂಗೀತ ನಿಂತುಹೋಯಿತು. ಅವರು ನಿಲ್ಲಲಿಲ್ಲ. ತಾಳ ಕಿವಿಗೆ ಕೇಳದಿದ್ದರೂ ಲೆಕ್ಕ ಮೈಯಲ್ಲಿ ಕೂತಿತ್ತು. ಪ್ರೇಕ್ಷಕರ ಚಪ್ಪಾಳೆಯ ನಡುವೆ ಕೊನೆಯವರೆಗೂ ಆಡಿ ಚಿನ್ನ ಗೆದ್ದರು.

ಉಲಾನೋವನೊಡನೆ 4, ಝೈತ್ಸೇವನೊಡನೆ 6, ಹೀಗೆ 1978ರವರೆಗೆ ಸತತವಾಗಿ 10 ವಿಶ್ವ ಪ್ರಶಸ್ತಿಗಳು ಆಕೆಗೆ ಸಂದುವು. 1975ರಲ್ಲಿ ಝೈತ್ಸೇವನೊಡನೆ ಮದುವೆಯಾಯಿತು; 1976ರಲ್ಲಿ ಇನ್ಸ್‌ಬ್ರುಕ್‌ನಲ್ಲಿ ಒಲಿಂಪಿಕ್ ಚಿನ್ನ. 1979ರಲ್ಲಿ ಮಗ ಹುಟ್ಟಿದ್ದರಿಂದ ವಿಶ್ವ ಸ್ಪರ್ಧೆಗೆ ಹೋಗಲಿಲ್ಲ. ಮರುವರ್ಷವೇ ಲೇಕ್ ಪ್ಲಾಸಿಡ್‌ನಲ್ಲಿ ಮೂರನೆಯ ಒಲಿಂಪಿಕ್ ಚಿನ್ನ ದೊರೆತು, ವಿಜಯಪೀಠದ ಮೇಲೆ ನಿಂತು ಆಕೆ ಕಣ್ಣೀರಿಟ್ಟಳು.

ಆಟ ಬಿಟ್ಟ ಬಳಿಕ ಆಕೆ ಅಮೆರಿಕದಲ್ಲಿ ಶಿಕ್ಷಕಿಯಾದಳು. ಆಕೆಯ ಕೈಯಲ್ಲಿ ಪಳಗಿದ ರಾದ್ಕಾ ಕೊವಾರ್ಝಿಕೋವಾ ಮತ್ತು ರೆನೆ ನೊವೊತ್ನಿ ಎಂಬ ಚೆಕ್ ಜೋಡಿ 1995ರಲ್ಲಿ ವಿಶ್ವ ಪ್ರಶಸ್ತಿ ಪಡೆಯಿತು. ಜೊತೆಗಾರನ ಹೆಜ್ಜೆಯನ್ನು ಎರಡು ಸಲ ಮೊದಲಿಂದ ಕಲಿತವಳ ಪಾಠ ಅದು.