ಹೊಲದ ಕಾವಲಿಗೆ ಥರ್ಮಕೋಲ್ ಗುಡಿಸಲು: ಹಲಗೆಗಳ ಕೋನದ ಲೆಕ್ಕ

ಟೊಮೇಟೊ, ದ್ರಾಕ್ಷಿ ಹಣ್ಣಾಗುವ ಕಾಲದಲ್ಲಿ ತೋಟದಲ್ಲಿ ರಾತ್ರಿ ಕಾವಲಿರುವುದು ತಮಗೆ ಹೊಸದಲ್ಲ. ತಗಡಿನ ಗುಡಿಸಲು ಹಗಲು ಕಾಯುತ್ತದೆ, ರಾತ್ರಿ ಕೊರೆಯುತ್ತದೆ. ಥರ್ಮಕೋಲ್ ಹಲಗೆ ಎರಡನ್ನೂ ತಡೆಯುತ್ತದೆ. ವಿನಯ್ ಗುಪ್ತ ಎಂಬವರು 2002ರಲ್ಲಿ ರೂಪಿಸಿದ ‘ಹೆಕ್ಸಾಯರ್ಟ್’ ಎಂಬ ಆರು ಮೂಲೆಯ ಗುಡಿಸಲಿಗೆ 8 ಅಡಿ ಉದ್ದ, 4 ಅಡಿ ಅಗಲದ 12 ಹಲಗೆಗಳು ಸಾಕು. ಕಂಬ, ತೊಲೆ ಬೇಡ. ಆದರೆ ಅಂಚಿನ ಕೋನ ತಪ್ಪಿದರೆ ಸಂದು ಬಿಟ್ಟು ಮಳೆನೀರು ಒಳಕ್ಕಿಳಿಯುತ್ತದೆ.

ಆರು ಹಲಗೆಗಳನ್ನು ಅಡ್ಡಲಾಗಿ ನಿಲ್ಲಿಸಿದರೆ 4 ಅಡಿ ಎತ್ತರದ ಗೋಡೆಯಾಯಿತು. ಉಳಿದ ಆರನ್ನು ಮೂಲೆಯಿಂದ ಮೂಲೆಗೆ ಕೊಯ್ದು, ಎರಡೆರಡು ತುಂಡುಗಳನ್ನು 8 ಅಡಿಯ ಅಂಚಿನಲ್ಲಿ ಜೋಡಿಸಿದರೆ ಬುಡ 8 ಅಡಿ, ಎತ್ತರವೂ 8 ಅಡಿ ಇರುವ ಮಾಡಿನ ತ್ರಿಕೋನ ದೊರೆಯುತ್ತದೆ. ಒಂದೇ ಮುಖಕ್ಕೆ ಬೆಳ್ಳಿ ಹಾಳೆ ಅಂಟಿಸಿದ ಹಲಗೆಯಾದರೆ ಮೂರನ್ನು ಒಂದು ಕರ್ಣದಲ್ಲಿ, ಮೂರನ್ನು ಮತ್ತೊಂದು ಕರ್ಣದಲ್ಲಿ ಕೊಯ್ಯಬೇಕು. ಇಲ್ಲವಾದರೆ ಜೋಡಿಯಲ್ಲಿ ಒಂದರ ಬೆಳ್ಳಿ ಒಳಗಾಗುತ್ತದೆ.

ಈಗ ಲೆಕ್ಕ. ಗೋಡೆಯ ನಡುವಿನಿಂದ ಗುಡಿಸಲಿನ ಕೇಂದ್ರಕ್ಕೆ ನೆಲದ ಮೇಲೆ 6 ಅಡಿ 11 ಅಂಗುಲ. ಇದರ ವರ್ಗ 48. ಮಾಡಿನ ಇಳಿಜಾರು 8 ಅಡಿ, ಅದರ ವರ್ಗ 64. ಕಳೆದರೆ 16, ವರ್ಗಮೂಲ 4. ಅಂದರೆ ಶಿಖರ ಗೋಡೆಗಿಂತ 4 ಅಡಿ ಮೇಲೆ, ನೆಲದಿಂದ 8 ಅಡಿ. ಇಳಿಜಾರಿನ ಅರ್ಧದಷ್ಟು ಏರಿಕೆಯಾದ್ದರಿಂದ ಮಾಡಿನ ಓರೆ ಸರಿಯಾಗಿ 30 ಡಿಗ್ರಿ.

ಗೋಡೆ ಗೋಡೆಗೆ ಸೇರುವ ಕೋನ 120 ಡಿಗ್ರಿ. ಗೋಡೆ ಮಾಡಿಗೆ ಸೇರುವ ಕೋನವೂ ಅಷ್ಟೇ. ಎರಡೂ ಕಡೆ ಅಂಚನ್ನು 30 ಡಿಗ್ರಿ ಓರೆಯಾಗಿ ಕೊಯ್ಯಬೇಕು. ಮಾಡಿನ ತ್ರಿಕೋನಗಳು ಒಂದಕ್ಕೊಂದು ಸೇರುವಲ್ಲಿ ಕೋನ ಸುಮಾರು 151 ಡಿಗ್ರಿ, ಓರೆ 14.5 ಡಿಗ್ರಿ. ಕೋನಮಾಪಕ ಇಲ್ಲದವರು ಚಿಂತಿಸಬೇಕಿಲ್ಲ. ಹೊರಮುಖದ ಅಳತೆ ಹಾಗೇ ಉಳಿಸಿಕೊಂಡು, 2 ಅಂಗುಲ ದಪ್ಪದ ಹಲಗೆಯ ಒಳಮುಖದಲ್ಲಿ ಮೊದಲಿನ ಅಂಚುಗಳಿಗೆ ಒಂದೂ ಕಾಲು ಅಂಗುಲಕ್ಕೆ ತುಸು ಕಡಿಮೆ, ಮಾಡಿನ ಅಂಚಿಗೆ ಅರ್ಧ ಅಂಗುಲ ಒಳಗೆ ಗೆರೆ ಎಳೆದು ಕೊಯ್ದರೆ ಸಾಕು. ಅಂಗಡಿಯ ಥರ್ಮಕೋಲ್ ಹಾಳೆ ಚಿಕ್ಕದಿದ್ದರೂ ಉದ್ದ ಅಗಲದ ಎರಡರಷ್ಟಿದ್ದರೆ ಕೋನ ಬದಲಾಗುವುದಿಲ್ಲ. ಮೊದಲು ರಟ್ಟಿನಲ್ಲಿ ಮಾದರಿ ಮಾಡಿ ನೋಡುವುದು ಕ್ಷೇಮ.

ಬೆಂಗಳೂರಿನ ಕೆ.ಆರ್. ಮಾರುಕಟ್ಟೆಗೆ ತರಕಾರಿ ತರುವವರು ಹತ್ತಿರದ ನಗರ್ತಪೇಟೆ, ಸಾದರ ಪತ್ರಪ್ಪ ರಸ್ತೆಗಳಲ್ಲಿ ಹ್ಯಾಕ್ಸಾ ಬ್ಲೇಡು, ಟೇಪು, ತಂತಿ ವಿಚಾರಿಸಬಹುದು. ಕರಗದ ಧರ್ಮರಾಯಸ್ವಾಮಿ ದೇವಸ್ಥಾನ ಇರುವುದು ಇದೇ ಪೇಟೆಯ ಆಸುಪಾಸಿನಲ್ಲಿ. ಕರಗ ಹೊರುವ ತಿಗಳರು ತಲೆತಲಾಂತರದಿಂದ ತೋಟಗಾರರು. ಅಂಟು ಕೊಳ್ಳುವಾಗ ಮರದ ಬಿಳಿ ಅಂಟನ್ನೇ ಕೇಳಿ. ಪೆಟ್ರೋಲು, ಥಿನ್ನರ್ ಇರುವ ಅಂಟು, ಬಣ್ಣಗಳು ಥರ್ಮಕೋಲನ್ನು ಕರಗಿಸುತ್ತವೆ.

ಘನ ಮೀಟರಿಗೆ 15 ಕಿಲೊ ತೂಗುವ ಥರ್ಮಕೋಲ್ ಆದರೆ ಇಡೀ ಗುಡಿಸಲು ಸುಮಾರು 27 ಕಿಲೊ ಮಾತ್ರ. ಮೇ ತಿಂಗಳ ಬಿರುಗಾಳಿ ಇದನ್ನು ಎತ್ತಿ ಎಸೆಯದಂತೆ ಆರು ಮೂಲೆಗೂ ಗೂಟ ಹೊಡೆದು, ಮಾಡಿನ ಮೇಲೆ ಹಗ್ಗ ಹಾಯಿಸಿ ಬಿಗಿಯಾಗಿ ಕಟ್ಟಬೇಕು. ಬಿಸಿಲಿಗೆ ಥರ್ಮಕೋಲ್ ಹಳದಿಯಾಗಿ ಉದುರುವುದರಿಂದ ಹೊರಗೆ ನೀರಿನ ಬಣ್ಣ ಬಳಿಯಿರಿ. ಬೆಂಕಿ ಹತ್ತಿದರೆ ಥರ್ಮಕೋಲ್ ಕ್ಷಣದಲ್ಲಿ ಉರಿದು, ಕರಗಿ ಮೈಮೇಲೆ ತೊಟ್ಟಿಕ್ಕುತ್ತದೆ, ಹೊಗೆಯೂ ಉಸಿರು ಕಟ್ಟಿಸುತ್ತದೆ. ಒಳಗೆ ಒಲೆ, ಲಾಂದ್ರ, ಬೀಡಿ ಯಾವುದೂ ಕೂಡದು. ಬ್ಯಾಟರಿ ದೀಪ ಇಟ್ಟುಕೊಳ್ಳಿ, ಬಾಗಿಲು ಹೊರಕ್ಕೆ ತೆರೆಯುವಂತಿರಲಿ.