ಮತ್ತೆ ಬರಲ್ಲ ತಾನೇ?

ಆಪರೇಷನ್ ಮುಗಿಸಿ ಹೊರಗೆ ಬಂದ ಡಾಕ್ಟರ್ "ಗಡ್ಡೆ ಪೂರ್ತಿ ತೆಗೆದಿದ್ದೀವಿ" ಅಂದಾಗ ನಮ್ಮ ದೊಡ್ಡಮ್ಮ ಕೇಳಿದ್ದು ಒಂದೇ ಪ್ರಶ್ನೆ: "ಮತ್ತೆ ಬರಲ್ಲ ತಾನೇ?" ಡಾಕ್ಟರ್ ಸುಮ್ಮನಾದರು. ದೊಡ್ಡಪ್ಪನಿಗೆ ಇದ್ದದ್ದು ಲಿವರ್ ಕ್ಯಾನ್ಸರ್.

ವೀಕ್ಷಕರೇ, ಆ ಮೌನಕ್ಕೆ ಕಾರಣ ಇದೆ. ಲಿವರ್ ಗಡ್ಡೆ ತೆಗೆಸಿಕೊಂಡವರಲ್ಲಿ ಐದು ವರ್ಷದೊಳಗೆ ಶೇ. 70ರವರೆಗೂ ಜನರಿಗೆ ಅದು ಮರುಕಳಿಸಬಹುದು. ಯಾರಿಗೆ? ಗಡ್ಡೆ ಎಷ್ಟು ದೊಡ್ಡದು, ಎಷ್ಟಿವೆ, ರಕ್ತನಾಳಕ್ಕೆ ನುಗ್ಗಿದೆಯಾ, ರಕ್ತದಲ್ಲಿ ಎಎಫ್‌ಪಿ ಎಷ್ಟು ಅಂತ ನೋಡಿ ಅಂದಾಜು ಮಾಡ್ತಾರೆ. ಆದರೆ ಒಂದೇ ಅಳತೆಯ ಗಡ್ಡೆ ಇದ್ದ ಇಬ್ಬರ ಹಣೆಬರಹ ಬೇರೆ ಬೇರೆ ಆಗೋದುಂಟು.

ಸುಳಿವು ಜೀನ್ ಮೆಥಿಲೇಷನ್‌ನಲ್ಲಿ ಇರಬಹುದು ಅಂತಾರೆ ವಿಜ್ಞಾನಿಗಳು. ಏನಿದು? ನಾನು ಓದಿದ್ದು ಇಂಜಿನಿಯರಿಂಗ್, ನನಗೆ ತಿಳಿದಂತೆ ಹೇಳ್ತೀನಿ. ಪ್ರೋಗ್ರಾಂನಲ್ಲಿ ಒಂದು ಸಾಲು ಬೇಡವಾದರೆ ನಾವು ಅಳಿಸಲ್ಲ, ಮುಂದೆ ಒಂದು ಗುರುತು ಹಾಕ್ತೀವಿ. ಸಾಲು ಅಲ್ಲೇ ಇರುತ್ತೆ, ಕಂಪ್ಯೂಟರ್ ಓದಲ್ಲ ಅಷ್ಟೇ. ಮೆಥೈಲ್ ಅಂದರೆ ಒಂದು ಕಾರ್ಬನ್, ಮೂರು ಹೈಡ್ರೋಜನ್ ಸೇರಿದ ಪುಟ್ಟ ಗುಂಪು. ಡಿಎನ್‌ಎಯ 'ಸಿ' ಅಕ್ಷರಕ್ಕೆ ಅಂಟಿಕೊಳ್ಳುವ ಗುರುತು ಅದು. ಜೀನ್ ಶುರುವಾಗುವ ಜಾಗದಲ್ಲಿ ಇಂಥ ಗುರುತು ದಟ್ಟವಾದರೆ ಆ ಜೀನ್ ಕೆಲಸ ನಿಲ್ಲಿಸುತ್ತೆ.

ನಿಂತಿದ್ದು ಬ್ರೇಕ್ ಆಗಿದ್ದರೆ? ಪಿ16, ಆರ್‌ಎಎಸ್‌ಎಸ್‌ಎಫ್‌1ಎ ಎಂಬ ಜೀನ್‌ಗಳು ಜೀವಕೋಶ ಹದ್ದುಮೀರಿ ಬೆಳೆಯದಂತೆ ತಡೆಯುತ್ತವೆ. ಲಿವರ್ ಕ್ಯಾನ್ಸರ್‌ನಲ್ಲಿ ಇವು ಹೀಗೆ ಬಂದ್ ಆಗಿರೋದು ಪದೇ ಪದೇ ಕಂಡಿದೆ. ಕೆಲವು ಅಧ್ಯಯನಗಳಲ್ಲಿ ಇಂಥ ರೋಗಿಗಳ ಆಯಸ್ಸೂ ಕಡಿಮೆ ಇತ್ತು. ಗಡ್ಡೆಯ ಡಿಎನ್‌ಎ ಚೂರುಗಳು ರಕ್ತಕ್ಕೂ ಸೇರುವುದರಿಂದ ಮುಂದೆ ರಕ್ತ ಪರೀಕ್ಷೆಯಲ್ಲೇ ಇದನ್ನು ಓದಬಹುದು ಎಂಬ ಆಸೆ ಇದೆ.

ಇದು ಬರೀ ಕನಸಲ್ಲ. ಗ್ಲಿಯೋಬ್ಲಾಸ್ಟೋಮಾ ಎಂಬ ಮೆದುಳಿನ ಕ್ಯಾನ್ಸರ್‌ನಲ್ಲಿ ಎಂಜಿಎಂಟಿ ಜೀನ್‌ನ ಮೆಥಿಲೇಷನ್ ನೋಡಿ, ಟೆಮೊಜೊಲೊಮೈಡ್ ಔಷಧ ಎಷ್ಟು ಫಲ ಕೊಡಬಹುದು ಅಂತ ಅಂದಾಜು ಮಾಡ್ತಾರೆ. 2005ರಲ್ಲೇ ಇದು ಸಾಬೀತಾಯ್ತು. ಅಲ್ಲಿನ ಸ್ವಾರಸ್ಯ ನೋಡಿ: ಆ ಜೀನ್ ಬಂದ್ ಆಗಿದ್ದರೇ ರೋಗಿಗೆ ಒಳ್ಳೇದು! ಅಂದರೆ ಗುರುತು ಇದೆ ಅನ್ನೋದು ಮುಖ್ಯವಲ್ಲ, ಯಾವ ಜೀನ್ ಮೇಲಿದೆ ಅನ್ನೋದು ಮುಖ್ಯ.

ಲಿವರ್ ವಿಷಯದಲ್ಲಿ ನಾವಿನ್ನೂ ಅಲ್ಲಿಗೆ ಮುಟ್ಟಿಲ್ಲ. ಹೆಪಟೈಟಿಸ್ ಬಿ, ಸಿ, ಮದ್ಯ, ಕೊಬ್ಬು ಹೀಗೆ ಕಾರಣಗಳು ಹಲವು, ಅದಕ್ಕೆ ತಕ್ಕಂತೆ ಗುರುತುಗಳೂ ಬದಲಾಗುತ್ತವೆ. ಹಾಗಾಗಿ "ಒಂದು ಹನಿ ರಕ್ತದಲ್ಲಿ ಭವಿಷ್ಯ" ಅಂತ ಯಾರಾದರೂ ಪ್ಯಾಕೇಜ್ ಮಾರಲು ಬಂದರೆ, ದುಡ್ಡು ಕೊಡೋ ಮುಂಚೆ ನಿಮ್ಮ ಡಾಕ್ಟರನ್ನ ಕೇಳಿ.

ದೊಡ್ಡಮ್ಮನ ಪ್ರಶ್ನೆಗೆ ಇವತ್ತಿಗೂ ಪಕ್ಕಾ ಉತ್ತರ ಇಲ್ಲ. ಇರೋದು ಸ್ಕ್ಯಾನ್ ತಾರೀಖು. ಅವರು ಅದನ್ನು ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿಟ್ಟಿದ್ದಾರೆ. ಇದುವರೆಗೆ ಒಂದನ್ನೂ ತಪ್ಪಿಸಿಲ್ಲ.